ಹಸೀನಾಬೇಗಂರವರ ಚೀಟಿ ಮತ್ತು ಎಡಗಡೆಯ ಅಂಚು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕುಗಳಲ್ಲಿ ಕನ್ನಡ ಬೆರಳಚ್ಚು ಯಂತ್ರವನ್ನು ಶ್ರೀಮತಿ ಹಸೀನಾಬೇಗಂರವರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಈ ೧೯೮೭ರ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಕುರಿತು ನಾಲ್ಕು ಒಳ್ಳೆಯ ಮಾತು ಬರೆಯಿರಿ ಎಂದು ಈ ಅಭಿನಂದನ ಗ್ರಂಥದ ಸಂಪಾದಕರು ಕೇಳಿದ್ದಾರೆ. ಬರೆಯುತ್ತೇನೆ, ಆದರೆ ಸಿಟ್ಟು ಬಿಟ್ಟು ಬರೆಯಲು ನನ್ನಿಂದಾಗದು.

೧೯೭೧ರಲ್ಲಿ ನಾನು ತಾಲೂಕು ಕಚೇರಿಗೆ ನಕಲು ಗುಮಾಸ್ತನಾಗಿ ಸೇರಿದಾಗ ಅವರು ಆಗಲೇ ಹಳಬರು. ಪ್ರತಿ ಕಡತದ ರಟ್ಟಿನ ಒಳಬದಿಗೆ ಒಂದು ಚೀಟಿ ಅಂಟಿಸಿ, ಆ ಕಡತಕ್ಕೆ ಯಂತ್ರವನ್ನು ಹೇಗೆ ಹೊಂದಿಸಬೇಕೆಂದು ಬರೆದಿಡುತ್ತಿದ್ದರು: ಎಡ ಅಂಚು ಹದಿನೆಂಟು, ಸಾಲಿನ ಅಂತರ ಎರಡು, ಹೀಗೆ. ಎಡಬದಿಗೆ ದಾರದ ಹೊಲಿಗೆ ಬೀಳುವ ಕಡತಕ್ಕೆ ಅಂಚು ಅಗಲ, ಬಿಡಿ ಪತ್ರಕ್ಕೆ ಕಿರಿದು. ನಾವು ಅದನ್ನು ಕಡತದ ಜಾತಕವೆಂದು ಗೇಲಿ ಮಾಡುತ್ತಿದ್ದೆವು. ಅವರು ರಜೆಯಿದ್ದ ದಿನ ಅದನ್ನೇ ನೋಡಿ ಮಾನ ಉಳಿಸಿಕೊಳ್ಳುತ್ತಿದ್ದೆವು. ನನ್ನ ಹೆಂಡತಿಯ ಹೆರಿಗೆಯ ವಾರ ನನ್ನ ಪಾಲಿನ ನಕಲುಗಳನ್ನೆಲ್ಲ ಅವರೇ ಮಾಡಿಕೊಟ್ಟರು, ಯಾರಿಗೂ ಹೇಳಲಿಲ್ಲ.

೧೯೭೭ರಲ್ಲಿ ಬಂದ ಹೊಸ ಶಿರಸ್ತೇದಾರರ ಕಣ್ಣಿಗೆ ಈ ಚೀಟಿಗಳು ಬಿದ್ದವು. ಎಲ್ಲ ಕಡತಕ್ಕೂ ಒಂದೇ ಅಳತೆ, ಎಡ ಅಂಚು ಎಂಟು, ಕಾಗದ ಉಳಿಯುತ್ತದೆ ಎಂದು ಹುಕುಂ ಹೊರಟಿತು. ಎಂಥ ಜಾಣತನ! ಚೀಟಿಗಳನ್ನು ಕಿತ್ತವನು ನಾನೇ. ಮೂರು ತಿಂಗಳಲ್ಲಿ, ಅಳವಂಡಿ ಕಡೆಯ ಮಾಳವ್ವ ಗೇಣಿಗೆ ಉಳುತ್ತಿದ್ದ ಹೊಲ ಅವಳದೇ ಎಂಬ ಆದೇಶ ಆ ಅಳತೆಯಲ್ಲೇ ಅಚ್ಚಾಗಿ, ಕಡತಕ್ಕೆ ಹೊಲಿಗೆ ಬಿತ್ತು. ಸಾಲಿನ ಮೊದಲಿಗೇ ಬಂದಿದ್ದ ಸರ್ವೆ ನಂಬರು ೧೨೭ರ ಮೊದಲ ಅಂಕಿ ದಾರದಡಿ ಸೇರಿತು. ಕಂಡದ್ದು ೨೭, ನಾನು ಹಾಗೆಯೇ ನಕಲು ತೆಗೆದುಕೊಟ್ಟೆ. ೨೭ ಎಂದರೆ ಊರ ಕೆರೆ. ಬಿತ್ತಲು ಕೂರಿಗೆ ಹೂಡಿಕೊಂಡು ಹೋದ ಮಾಳವ್ವನನ್ನು ಹಳೆಯ ಒಡೆಯರ ಕಡೆಯವರು ಬದುವಿನಲ್ಲೇ ತಡೆದು, ನಕಲು ಓದಿ ನಕ್ಕರಂತೆ: "ನಿನ್ನ ಹೊಲ ಕೆರಿಯೊಳಗ ಐತಿ, ಅಲ್ಲೇ ಬಿತ್ಕೋ ಹೋಗು."

ಆಕೆ ಕಚೇರಿಗೆ ಬಂದು ಅತ್ತಾಗ, ನಕಲು ಕೊಟ್ಟಾಯಿತು, ಇನ್ನೇನೂ ಮಾಡಲಾಗದು ಎಂದರು ಶಿರಸ್ತೇದಾರರು. ಬೇಗಂರವರು ಎದ್ದು ಬಂದು, ಎಲ್ಲರೆದುರೇ ಹೊಲಿಗೆ ಕತ್ತರಿಸಿ ಹಾಳೆ ಬಿಡಿಸಿದರು.

"ನೋಡ್ರಿ, ಒಂದು ಇಲ್ಲೇ ಐತಿ. ಅಕಿ ಹೊಲ ನುಂಗಿದ್ದು ನಿಮ್ಮ ಅಳತಿರಿ."

ಮಾಳವ್ವನಿಗೆ ಹೊಲ ದಕ್ಕಿತು. ಬೇಗಂರವರಿಗೆ ದಕ್ಕಿದ್ದು ದಾಖಲೆ ತಿದ್ದಿದ ಆರೋಪದ ಮೆಮೊ, ವರ್ಗಾವಣೆ, ನಿಂತುಹೋದ ಬಡ್ತಿ. ಅದೇ ಶಿರಸ್ತೇದಾರರು ಈ ಗ್ರಂಥದಲ್ಲಿ ಅವರ ಶಿಸ್ತನ್ನು ಬಾಯ್ತುಂಬ ಕೊಂಡಾಡಿದ್ದಾರೆ. ನಾಚಿಕೆ ಎಂಬುದು ಬೇಡವೇ?

ನನಗೂ ಬೇಕಿತ್ತು. ಅವರು ಹೊಲಿಗೆ ಬಿಚ್ಚಿ ಅಂಕಿ ಸೇರಿಸಿದ್ದನ್ನು ಕಣ್ಣಾರೆ ಕಂಡೆನೆಂಬ ಸಾಕ್ಷಿಯ ಕೆಳಗಿರುವ ಸಹಿ ನನ್ನದು. ಕೆಲಸ ಹೋದೀತೆಂದು ಹೆದರಿ ಹಾಕಿದೆ, ಹತ್ತು ವರ್ಷ ಬಾಯಿ ಮುಚ್ಚಿಕೊಂಡೆ. ಅಷ್ಟು ವರ್ಷವೂ ಅವರು ಎದುರು ಸಿಕ್ಕಾಗಲೆಲ್ಲ ನನ್ನ ಮಕ್ಕಳ ಕ್ಷೇಮ ವಿಚಾರಿಸಿದರು. ಹೋದ ಸೋಮವಾರ, ಆ ಸಾಕ್ಷಿ ಸುಳ್ಳೆಂದು ಮೇಲಧಿಕಾರಿಗಳಿಗೆ ಬರೆದುಕೊಟ್ಟಿದ್ದೇನೆ. ವಿಚಾರಣೆ ನನ್ನ ಮೇಲೆ ನಡೆಯಲಿ.

ಹಸೀನಾಬೇಗಂರವರು ನೂರು ವರ್ಷ ಗಟ್ಟಿಯಾಗಿ ಬಾಳಲಿ, ಈ ಸೀಮೆಯ ಹೆಣ್ಣುಮಕ್ಕಳಿಗೆ ಬೆರಳಚ್ಚು ಕಲಿಸುತ್ತಿರಲಿ. ಆದರೆ ಅವರ ಸೇವಾ ಪುಸ್ತಕದಲ್ಲಿ ಆ ಮೆಮೊ ಇರುವವರೆಗೂ ಅವರಿಗೆ ಶಾಲು ಹೊದಿಸುವ ಯೋಗ್ಯತೆ ನಮ್ಮಲ್ಲಿ ಒಬ್ಬರಿಗೂ ಇಲ್ಲ.