ಬಾನೆಟ್ ತಣ್ಣಗಾಗುವವರೆಗೆ

ನಮ್ಮ ಸೋದರಮಾವನಿಗೆ ಮನೆಮಂದಿಯೆಲ್ಲ ಇಟ್ಟ ಹೆಸರು ‘ಹತ್ತನೇ ನಂಬರ್’. ಯಾವ ಅಂಗಿ ತೊಟ್ಟರೂ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಹತ್ತನೇ ನಂಬರಿನ ಸ್ಪ್ಯಾನರ್ ಇರಲೇಬೇಕು. ಅಕ್ಕನ ಮದುವೆಯ ಫೋಟೋದಲ್ಲೂ ಇದೆ, ಬೇಕಾದರೆ ದೊಡ್ಡದು ಮಾಡಿ ನೋಡಿ. ಮೂವತ್ತೊಂದು ವರ್ಷ ಗ್ಯಾರೇಜು ನಡೆಸಿದವರು. ಬೀದಿಯಲ್ಲಿ ಗಾಡಿ ಹೋದರೆ ಸಾಕು, ತಟ್ಟೆಯಿಂದ ತಲೆ ಎತ್ತದೆ, “ಪಾಪ, ಒಂದು ಪ್ಲಗ್ಗು ಸತ್ತಿದೆ,” ಅನ್ನುತ್ತಿದ್ದರು. ಸೈಲೆನ್ಸರಿನ ಕೆಮ್ಮು ಕೇಳಿಯೇ ಗಾಡಿಯ ವಯಸ್ಸು ಹೇಳುತ್ತಿದ್ದರು.

ಅಂಥ ಮಾವನಿಗೆ ಕಿವಿ ಹೋಗಿದೆ ಎಂಬುದು ಇಬ್ಬರಿಗೇ ಗೊತ್ತಿತ್ತು. ಒಬ್ಬರು ಅವರು, ಇನ್ನೊಬ್ಬಳು ನಾನು.

ನನಗೆ ಗೊತ್ತಾಗಿದ್ದು ಆಕಸ್ಮಿಕವಾಗಿ. ಒಂದು ಮಧ್ಯಾಹ್ನ ಗ್ಯಾರೇಜಿಗೆ ಹೋದರೆ ಗಾಳಿ ತುಂಬುವ ಪೈಪು ಬಿಚ್ಚಿಕೊಂಡು ಹಾವಿನ ಹಾಗೆ ಬುಸುಗುಡುತ್ತಿದೆ. ಮಾವ ಅದರ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಆರಾಮಾಗಿ ಪೇಪರ್ ಓದುತ್ತಿದ್ದಾರೆ! ನಾನು ಸ್ವಿಚ್ ಆರಿಸಿದೆ. ಅವರು ನನ್ನ ಕೈ ನೋಡಿದರು, ಪೈಪು ನೋಡಿದರು. ಅಷ್ಟರಲ್ಲೇ ಎಲ್ಲ ತಿಳಿದುಹೋಯಿತು. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತಂತೆ, ಅದು ಈಗ ತಿರುಗಿ ಬಂದಿದೆ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ.

“ಯಾರಿಗೂ ಹೇಳ್ಬೇಡ ಪುಟ್ಟಿ. ಕಿವಿ ಇಲ್ಲದ ಮೆಕ್ಯಾನಿಕ್ ಅಂದ್ರೆ ಮೂಗಿಲ್ಲದ ಅಡುಗೆಯವನ ಹಾಗೆ.”

ನಾನು ಮಾತು ಕೊಟ್ಟೆ. ಕೊಟ್ಟ ಮೇಲೆ ಪಕ್ಕದ ಮನೆಯ ಟೈಲರ್ ಒಂದು ಹಳೇ ಕಾರು ಕೊಂಡರು. ನೋಡಿ “ಕಣ್ಣುಮುಚ್ಚಿ ತಗೊಳ್ಳಿ” ಎಂದವರು ಮಾವನೇ. ಒಂಬತ್ತನೇ ದಿನ ನಡುರಸ್ತೆಯಲ್ಲಿ ಇಂಜಿನ್ ಕಚ್ಚಿಕೊಂಡಿತು. ಮಾವ ಅದನ್ನು ಟೈಲರ್ ಹಣೆಬರಹದ ಮೇಲೆ ಹಾಕಿ ಸುಮ್ಮನಾದರು. ಆಮೇಲೆ ಆ ಮನೆಯ ಮುಂದೆ ಹೋಗುವಾಗಲೆಲ್ಲ ಎದುರು ಬದಿಗೆ ದಾಟುತ್ತಿದ್ದರು.

ಈಗ ಅಕ್ಕನ ಸರದಿ. ಅವಳಿಗೆ ಅವಳಿ ಮಕ್ಕಳು, ಮೇಲೊಂದು ಹುಡುಗಿ, ಮೊಣಕಾಲು ಮಡಚಲಾಗದ ಅತ್ತೆ. ಸಣ್ಣ ಕಾರಿನಲ್ಲಿ ಹಿಡಿಸುವ ಸಂಸಾರವಲ್ಲ. ಯಾರೋ ಸೆಕೆಂಡ್‌ಹ್ಯಾಂಡ್ ಮಿನಿವ್ಯಾನ್ ಮಾರುತ್ತಿದ್ದಾರೆಂದು ಗೊತ್ತಾದದ್ದೇ ತಡ, “ಮಾವ ಹ್ಞೂಂ ಅಂದ್ರೆ ಇವತ್ತೇ ಮನೆಗೆ ತರ್ತೀನಿ,” ಎಂದು ಹೊರಟಳು. ಶಾಲೆಗೆ ಹೋಗುವ ದಾರಿಯಲ್ಲಿ ಉದ್ದದ ಸೇತುವೆ ಇದೆ. ಲಾರಿಗಳು ಬೆನ್ನಿಗೇ ಬರುತ್ತವೆ, ಪಕ್ಕಕ್ಕೆ ನಿಲ್ಲಿಸಲು ಗೇಣು ಜಾಗವಿಲ್ಲ. ಅದರ ನಡುವೆ ಇಂಜಿನ್ ನಿಂತರೆ?

ಮಾರುವವರದು ಹೊಸದಾಗಿ ತೊಳೆದ ಬಿಳಿ ಬೂಟು, ಹೊಸದಾಗಿ ತೊಳೆದ ವ್ಯಾನು. ಮಾವ ನಮಸ್ಕಾರವನ್ನೂ ಮಾಡದೆ ನೇರ ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟರು.

“ಬಿಸಿಲಿಗೆ ಸರ್, ಬಿಸಿಲಿಗೆ! ಬೆಳಗ್ಗೆಯಿಂದ ಮುಟ್ಟೇ ಇಲ್ಲ,” ಎಂದರು ಬಿಳಿ ಬೂಟಿನವರು. ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ವ್ಯಾನು ನಿಂತಿದ್ದದ್ದು ಶೆಡ್ಡಿನ ನೆರಳಿನಲ್ಲಿ.

“ತಣ್ಣಗಾಗ್ಲಿ. ಕಾಯ್ತೀವಿ,” ಎಂದರು ಮಾವ. ನನ್ನ ಕಡೆ ತಿರುಗಿ, “ಇಂಜಿನ್ ಕಾದಿದ್ರೆ ರೋಗ ಅಡಗಿ ಕೂತ್ಕೊಳುತ್ತೆ ಪುಟ್ಟಿ. ತಣ್ಣಗಿದ್ದಾಗ ಎಬ್ಬಿಸಿದ್ರೇನೇ ನಿಜ ಹೇಳೋದು.”

ಮೂರು ಗಂಟೆ ಕಾದೆವು. ಮಾವ ಸುಮ್ಮನೆ ಕೂರಲಿಲ್ಲ. ಪಕ್ಕಕ್ಕೆ ಜಾರುವ ಬಾಗಿಲನ್ನು ಇಪ್ಪತ್ತು ಸಲ ತೆಗೆದು ಹಾಕಿದರು, ಅವಳಿ ಮಕ್ಕಳು ಮೊದಲು ಮುರಿಯುವುದು ಅದನ್ನೇ ಅಂತೆ. ಕಾಲಡಿಯ ಕಾರ್ಪೆಟ್ ಎತ್ತಿ ಒದ್ದೆಯಿದೆಯೇ ಎಂದು ಮೂಸಿದರು. ಗೇರ್‌ಬಾಕ್ಸಿನ ಆಯಿಲ್ ಬಿಳಿ ಬಟ್ಟೆಗೆ ಒರೆಸಿದರು. “ಕೆಂಪಗಿದ್ರೆ ಜೀವ ಇದೆ, ಕಪ್ಪಾಗಿ ಸುಟ್ಟ ವಾಸನೆ ಬಂದ್ರೆ ಎದ್ದು ನಡಿ,” ಎಂದರು. ಕೆಂಪಗಿತ್ತು. ಟೈರ್ ಸವೆತ ಸಮವಾಗಿತ್ತು. ಒಂದೊಂದು ಸರಿ ಇದ್ದಾಗಲೂ ಅಕ್ಕನ ಮುಖ ಅರಳುತ್ತಿತ್ತು. ಕೈಗೆ ಸಿಗುವುದು, ಕಣ್ಣಿಗೆ ಕಾಣುವುದು, ಮೂಗಿಗೆ ಬಡಿಯುವುದು ಎಲ್ಲ ಮುಗಿಯಿತು. ಉಳಿದದ್ದು ಒಂದೇ.

ಮಾವ ಮತ್ತೆ ಅಂಗೈ ಇಟ್ಟರು. ತಣ್ಣಗಿತ್ತು. “ಹ್ಞಾ, ಈಗ ಹೊಡೀರಿ.”

ಬಿಳಿ ಬೂಟಿನವರು ಕೀಲಿ ತಿರುಗಿಸಿದರು. ಗರಗರಗರ! ತಗಡಿನ ಡಬ್ಬಿಯಲ್ಲಿ ಮೊಳೆ ಕುಲುಕಿದ ಸದ್ದು. ನಾಲ್ಕೇ ಸೆಕೆಂಡು. ಆಮೇಲೆ ಇಂಜಿನ್ ನುಣ್ಣಗೆ ಓಡತೊಡಗಿತು. ಅಕ್ಕ ಅಷ್ಟು ದೂರದಲ್ಲಿ ಅತ್ತೆಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಳು, ಕೇಳಿಸಿಕೊಂಡಿರಲಿಲ್ಲ. ಬಿಳಿ ಬೂಟಿನವರು ಸುಮ್ಮನೆ ಮಾವನ ಮುಖ ನೋಡುತ್ತಿದ್ದರು.

ಮಾವ ನಿಧಾನಕ್ಕೆ ತಲೆ ಆಡಿಸಿದರು. “ಚೆನ್ನಾಗಿದೆ. ತಗೋಬಹುದಮ್ಮಾ.”

“ನಾನು ಹೇಳಿರ್ಲಿಲ್ವಾ!” ಅಕ್ಕ ಫೋನಿಗೇ ಕೂಗಿದಳು.

ನನ್ನ ಬಾಯಿಯಲ್ಲಿ ಬಿಸಿತುಪ್ಪ. ಉಗುಳಿದರೆ ಮಾವನ ಮೂವತ್ತೊಂದು ವರ್ಷ ಅಲ್ಲೇ, ಆ ಬಿಳಿ ಬೂಟಿನ ಮುಂದೆ, ನೆಲಕ್ಕೆ ಬೀಳುತ್ತದೆ. ನುಂಗಿದರೆ ನಾಳೆ ಮೂರು ಮಕ್ಕಳು ಸೇತುವೆಯ ಮೇಲೆ. ಅಕ್ಕ ಆಗಲೇ ಬ್ಯಾಗಿನ ಜಿಪ್ ಎಳೆಯುತ್ತಿದ್ದಳು.

“ಮಾವ,” ಎಂದೆ. ಕೇಳಿಸಲಿಲ್ಲ. ಎದುರಿಗೆ ಹೋಗಿ ನಿಂತೆ. “ಮಾವ, ಸದ್ದು ಬಂತು. ಮೊದಲನೇ ಸಲಕ್ಕೇ. ಗರಗರ ಅಂತ.”

“ಸದ್ದಾ? ಎಂಥ ಸದ್ದು? ಅವ್ರಿಗೆ ಕೇಳಿಸಿಲ್ಲ, ನಿಮಗ್ಯಾಕೆ ಕೇಳಿಸ್ತು?” ಬಿಳಿ ಬೂಟಿನವರು ನಕ್ಕರು.

ಮಾವ ನಗಲಿಲ್ಲ. ನನ್ನನ್ನೇ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನೋಟವನ್ನು ತಡೆಯಲಾಗಲಿಲ್ಲ, ತಲೆ ತಗ್ಗಿಸಿದೆ.

ತಗ್ಗಿದ ಕಣ್ಣಿಗೆ ಅವರ ಚಪ್ಪಲಿಗಳು, ತಂದಿದ್ದ ಸಲಕರಣೆಯ ಚೀಲದ ಕಡೆ ನಡೆದದ್ದು ಕಂಡಿತು. ಒಂದೂವರೆ ಅಡಿ ಉದ್ದದ ಸ್ಕ್ರೂಡ್ರೈವರ್ ತೆಗೆದರು. ಇಂಜಿನ್ ಓಡುತ್ತಲೇ ಇತ್ತು. ಬಾನೆಟ್ ಎತ್ತಿ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಬದಿಗೆ ಆನಿಸಿದರು, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಣ್ಣು ಮುಚ್ಚಿದರು.

“ಇದೇನ್ ಸರ್, ಗಾಡಿ ತಿಂತೀರಾ?” ಎಂದರು ಬಿಳಿ ಬೂಟಿನವರು. ಅಕ್ಕನೂ ಹತ್ತಿರ ಬಂದು ಬಾಯಿ ಬಿಟ್ಟುಕೊಂಡು ನಿಂತಳು.

ಮಾವ ತುದಿಯನ್ನು ಒಂದಿಷ್ಟು ಸರಿಸಿದರು. ಮತ್ತೆ ಸರಿಸಿದರು. ಒಂದು ಕಡೆ ನಿಂತರು. ಹುಬ್ಬು ಗಂಟಾಯಿತು.

“ಇಂಜಿನ್ ಒಳಗಿನ ಚೈನು ಸಡಿಲ ಆಗಿ ಈಗ್ಲೂ ಸಣ್ಣಗೆ ಗೋಡೆ ಕೆರೀತಿದೆ,” ಎಂದರು, ಹಿಡಿ ಒರೆಸುತ್ತ. “ಅದು ಕಡಿದ್ರೆ ಓಡ್ತಿರೋ ಇಂಜಿನ್ ನಿಂತಲ್ಲೇ ಸಾಯುತ್ತೆ. ಬೇಡಮ್ಮ ಈ ಗಾಡಿ.”

“ಮತ್ತೆ ಈಗಷ್ಟೇ ತಗೋ ಅಂದ್ರಲ್ಲ ಮಾವ?”

“ಈಗಷ್ಟೇ ನನಗೆ ಕೇಳಿಸಿರ್ಲಿಲ್ಲ.” ಮಾವ ಎಲ್ಲರಿಗೂ ಕೇಳುವಂತೆ ಹೇಳಿದರು. “ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಮುಕ್ಕಾಲು. ಹಲ್ಲಿಂದ ಕೇಳಿಸ್ಕೋತೀನಿ, ಸದ್ದು ಮೂಳೆ ಹಿಡಿದು ಒಳಗೆ ಬರುತ್ತೆ. ಜನ ನೋಡ್ತಾರೆ ಅಂತ ಕಚ್ತಿರ್ಲಿಲ್ಲ, ಅಷ್ಟೇ.”

ಬಿಳಿ ಬೂಟಿನವರು ಇಂಜಿನ್ ಆರಿಸಿ ಬಾನೆಟ್ ಮುಚ್ಚಿದರು.

ವಾಪಸ್ ಆಟೋದಲ್ಲಿ ಬರುವಾಗ ಅಕ್ಕ ಮಾವನ ಮಂಡಿ ತಟ್ಟಿ, ಕೂಗಿಯೇ ಹೇಳಿದಳು: “ಭಾನುವಾರ ಇನ್ನೊಂದು ವ್ಯಾನ್ ಇದೆ ಮಾವ. ಬರ್ತೀರಲ್ವಾ?”

“ಬರ್ತೀನಿ. ಈ ಬಾಯಿಬಡುಕಿನೂ ಬರ್ಲಿ. ಮೊದಲ ನಾಲ್ಕು ಸೆಕೆಂಡು ಇವಳ ಕಿವಿ, ಆಮೇಲೆ ನನ್ನ ಹಲ್ಲು.”

ಅಬ್ಬಾ, ಹೋದ ಜೀವ ಬಂದಂತಾಯಿತು. ಆದರೆ ನಮ್ಮ ಬೀದಿಯಲ್ಲಿ ಇಳಿದಾಗ ಮಾವ ಎಂದಿನಂತೆ ಎದುರು ಬದಿಗೆ ದಾಟಲಿಲ್ಲ. ನೇರ ಟೈಲರ್ ಮನೆ ಮುಂದಿನ ಅಂಗಡಿಯ ಮೆಟ್ಟಿಲು ಹತ್ತಿದರು. ಟೈಲರ್ ತಲೆ ಎತ್ತಲಿಲ್ಲ, ಮಿಷನ್ ತುಳಿಯುತ್ತಲೇ ಇದ್ದರು. ಮಾವ ಸೂಜಿಯನ್ನೇ ನೋಡುತ್ತ ನಿಂತರು. ಸೂಜಿ ನಿಂತ ಮೇಲೆ ಬಾಯಿ ಬಿಟ್ಟರು.

“ನಿಮ್ಮ ಕಾರು ನೋಡ್ದಾಗ ನನಗೆ ಕಿವಿ ಕೇಳಿಸ್ತಿರ್ಲಿಲ್ಲ. ಹೇಳ್ಬೇಕಿತ್ತು, ಹೇಳ್ಲಿಲ್ಲ. ಇಂಜಿನ್ ಇಳಿಸಿ ನಾನೇ ಮಾಡ್ಕೊಡ್ತೀನಿ.”

ಟೈಲರ್ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದರು.

“ಬೈದ್ರಾದ್ರೂ ಕೇಳಿಸುತ್ತಾ?” ಎಂದರು.

ಮಾವ ಎಡಗಿವಿ ಮುಂದೆ ಮಾಡಿದರು. “ಸ್ವಲ್ಪ ಜೋರಾಗಿ ಬೈಬೇಕು.”

ಟೈಲರ್ ಕಾಲಿನಿಂದ ಸ್ಟೂಲನ್ನು ಮಾವನ ಕಡೆಗೆ ತಳ್ಳಿ, ಬೈಯಲು ಗಂಟಲು ಸರಿಮಾಡಿಕೊಂಡರು.