ಅಕ್ಕನ ಗೋಡೆ, ಅಪ್ಪನ ಎತ್ತು

ನಾನು ಚಿಕ್ಕವನಿದ್ದಾಗ ಕಟ್ಟೆಮಳಲವಾಡಿಯ ನಮ್ಮ ಮನೆಯಲ್ಲಿ ಅಕ್ಕನಷ್ಟು ಚೆನ್ನಾಗಿ ಚಿತ್ರ ಬರೆಯುವವರು ಯಾರೂ ಇರಲಿಲ್ಲ. ಅವಳನ್ನು ನೆಮ್ಮದಿಯಾಗಿ ಬರೆಯಲು ಬಿಡುವವರೂ ಇರಲಿಲ್ಲ.

ಒಂದು ಸಲ, ಮಾರನೆಯ ದಿನ ಹಂಪಾಪುರದಿಂದ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಕ್ಕ ಬೀದಿ ಕಡೆಯ ಗೋಡೆಗೆ ಕೆಮ್ಮಣ್ಣು ಬಳಿದಿದ್ದಳು. ಹಸಿ ಮಣ್ಣಿನ ವಾಸನೆ ಮನೆಯನ್ನೆಲ್ಲ ತುಂಬಿತ್ತು. ಕಡ್ಡಿಗೆ ಬಟ್ಟೆ ಸುತ್ತಿ ಸುಣ್ಣದಲ್ಲಿ ಅದ್ದಿ, ನಡುವೆ ಒಂದು ಮರ, ಆಚೀಚೆ ಎರಡು ಗಿಣಿ ಬರೆದಳು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು.

ಅಪ್ಪ ಬಂದರು. "ಬರೀ ಗಿಣಿಯೇನವ್ವ? ನಮ್ಮೆತ್ತು ಎಲ್ಲಿ?"

ಅಕ್ಕ ಎಡಗಡೆ ಎತ್ತನ್ನು ಬರೆದಳು. ಮೇಕೆಯ ಹಾಗಿದೆ ಎಂದು ಅಪ್ಪ ಮುಖ ಸಿಂಡರಿಸಿದರು. ಅವಳು ಅದನ್ನು ದೊಡ್ಡದು ಮಾಡಿದಳು. ಅಜ್ಜಿಗೆ ಕಳಸ ಬೇಕಿತ್ತು. ನನಗೆ ಪಿರಿಯಾಪಟ್ಟಣದ ಬಸ್ಸು ಬೇಕಿತ್ತು, ಚಕ್ರವೆಲ್ಲ ಕಾಣಬೇಕು ಎಂದು ಹಟ ಹಿಡಿದೆ. ಕೊನೆಗೆ ಎತ್ತು ಮರಕ್ಕಿಂತ ಎತ್ತರವಾಯಿತು, ಕಳಸ ಕುಗ್ಗಿ ಚೊಂಬಿನಷ್ಟಾಯಿತು, ಬಸ್ಸು ಗಿಣಿಯ ಬಾಲಕ್ಕೆ ಗುದ್ದುತ್ತಿತ್ತು. ಗೋಡೆಯೇ ಎತ್ತಿನ ಕಡೆಗೆ ವಾಲಿದಂತೆ ಕಾಣುತ್ತಿತ್ತು.

"ಇಂಗೆ ಒಬ್ಬೊಬ್ರು ಒಂದೊಂದ್ ಏಳಿದ್ರೆ ಇದು ಗೋಡೆಯಲ್ಲ, ಸಂತೆ ಆಯ್ತದೆ ಕಣಪ್ಪ!" ಅಕ್ಕ ಕಡ್ಡಿಯನ್ನು ಬಿಸಾಡಿ ಅತ್ತೇಬಿಟ್ಟಳು. ಅಪ್ಪ ಎತ್ತಿನ ಕೊಂಬನ್ನೇ ನೋಡುತ್ತ ನಿಂತಿದ್ದರು.

ಅತ್ತು ಮುಗಿದ ಮೇಲೆ ಅಕ್ಕ ಎದುರು ಮನೆಯ ಜಗಲಿಗೆ ಹೋಗಿ ಕುಳಿತು, ಅಲ್ಲಿಂದ ನಮ್ಮ ಗೋಡೆಯನ್ನು ಬಹಳ ಹೊತ್ತು ನೋಡಿದಳು. ತಿರುಗಿ ಬಂದವಳು ಮೊದಲು ಅಳಿಸಿದ್ದು ತನ್ನ ಮರವನ್ನೇ. ಆಮೇಲೆ ಗೋಡೆಯ ತುಂಬ ಕೊಂಬೆ ಹರಡಿದ ದೊಡ್ಡ ಮರ ಬರೆದಳು. ಈಗ ಎತ್ತು ಅದರ ನೆರಳಿನಲ್ಲಿ ನಿಂತಿತು. ಎತ್ತಿನ ಭಾರಕ್ಕೆ ಸಮವಾಗಿ ಬಲಗಡೆ ಕಳಸವನ್ನು ಬೆಳೆಸಿದಳು. ಮರದ ಎಲೆಯನ್ನೇ ಎತ್ತಿನ ಬೆನ್ನಿನ ಬಟ್ಟೆಯ ಮೇಲೂ ಕಳಸದ ಹೊಟ್ಟೆಯ ಮೇಲೂ ಗೋಡೆಯ ಅಂಚಿಗೂ ಬರೆದಳು. ಎಲ್ಲವೂ ಒಂದೇ ಮನೆಯವರಂತೆ ಕಂಡವು. ನನ್ನ ಬಸ್ಸು ಮಾತ್ರ ಹುಣಸೆ ಬೀಜದಷ್ಟಾಗಿತ್ತು.

"ಇಷ್ಟೇನಾ?" ಎಂದೆ.

"ದೂರದಾಗೆ ಬತ್ತಾ ಐತೆ ಕಣ್ಲಾ. ಸುಮ್ಕಿರು."

ಮಾರನೆಯ ದಿನ ಗಂಡಿನ ತಾಯಿ ಕಾಲು ತೊಳೆಯುವುದನ್ನೂ ಮರೆತು ಗೋಡೆಯ ಮುಂದೆ ನಿಂತುಬಿಟ್ಟರು. ಅವರು ಬಾಯಿ ತೆರೆಯುವ ಮೊದಲೇ ಅಪ್ಪ, "ಅದು ನಮ್ಮೆತ್ತು ಕಣ್ರವ್ವ" ಎಂದರು. ಬಾಗಿಲ ಹಿಂದೆ ಅಕ್ಕ ಹಲ್ಲು ಕಚ್ಚಿದ್ದು ನನಗೆ ಕಾಣಿಸಿತು.

"ಎತ್ತು ನಿಮ್ದೇ ಇರ್ಲಿ ಕಣಣ್ಣ" ಎಂದರು ಆ ತಾಯಿ. "ಮರ ಯಾರ್ದು?"

ಅಕ್ಕ ಆ ಮನೆಗೇ ಸೊಸೆಯಾಗಿ ಹೋದಳು.

ಮೊಮ್ಮಕ್ಕಳೇ, ಈಗ ನೀವು ಟ್ಯಾಬಿನಲ್ಲಿ ಎರಡು ಬೆರಳು ಆಡಿಸಿ ಆನೆಯನ್ನು ಇರುವೆ ಮಾಡುತ್ತೀರಿ. ಬೇಡವಾದರೆ ಒಂದು ಸಲ ಒತ್ತಿದರೆ ಸಾಕು, ಎಲ್ಲ ಮಾಯ. ಆದರೆ ನಡುಮನೆಯ ಗೋಡೆಗೆ ಪೆನ್ಸಿಲ್ ತಾಗಿದರೆ ನಿಮ್ಮಮ್ಮ ಆಕಾಶ ಭೂಮಿ ಒಂದು ಮಾಡುತ್ತಾಳೆ. ಇದನ್ನು ನೋಡಿ ನೋಡಿ ನನಗೂ ಸಾಕಾಗಿದೆ. ಇವತ್ತಿನಿಂದ ಕಾಂಪೌಂಡಿನ ಒಳಗಡೆಯ ಗೋಡೆ ನಿಮ್ಮದು. ಏನು ಬೇಕಾದರೂ ಬರೆಯಿರಿ. ಬೈಗುಳ ನನಗಿರಲಿ.