ಖಾಲಾನ ಸಿಟ್ಟು

ಜಗಳಕ್ಕೆ ನಿಲ್ಲುವ ಮುನ್ನ ಖಾಲಾ ಬಾಯೊಳಗಿನ ಎಲೆಅಡಿಕೆಯನ್ನು ಎಡಗೆನ್ನೆಗೆ ಒತ್ತರಿಸುತ್ತಿದ್ದಳು. ಕೆನ್ನೆ ನಿಂಬೆಹಣ್ಣಿನಂತೆ ಉಬ್ಬುತ್ತಿತ್ತು, ಮೂಗಿನ ತುದಿ ಕೆಂಪಗಾಗುತ್ತಿತ್ತು. ಅದನ್ನು ಕಂಡರೆ ತೂಕದಲ್ಲಿ ಮೋಸ ಮಾಡುವ ಕಾಯಿಪಲ್ಲೆಯವನು ಗಾಡಿ ತಳ್ಳಿಕೊಂಡು ಮುಂದಿನ ಓಣಿಗೆ ಹೋಗಿಬಿಡುತ್ತಿದ್ದ.

ಗಂಗಾವತಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಖಾಲಾ ಎಂದರೆ ಚಿಕ್ಕಮ್ಮ; ಓಣಿಯವರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು. ಅವ್ವ ಭತ್ತದ ನಾಟಿಗೆ ಕಾರಟಗಿ ಕಡೆ ಹೋದ ದಿನಗಳಲ್ಲಿ, ಶಾಲೆ ಬಿಟ್ಟ ಮೇಲೆ ನಾನು ಇರುತ್ತಿದ್ದುದು ಅವಳ ಅಡುಗೆಮನೆಯಲ್ಲೇ. ಮಕ್ಕಳಿಲ್ಲದ ಅವಳು ನನ್ನನ್ನು ಬೇಟಿ ಎಂದು ಕರೆದು, ಕಿಚಡಿ ಬಡಿಸಿ, ಲೆಕ್ಕ ಮಾಡಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತಿದ್ದಳು.

ಅವಳ ಗಂಡ ಅಕ್ಕಿ ಗಿರಣಿಯೊಂದರ ಲಾರಿ ಓಡಿಸುತ್ತಿದ್ದರು. ಆ ಸಂಬಳದಲ್ಲಿ ಮನೆ ನಡೆಯದೆ ಸೌದಿಗೆ ಹೋದರು. ಸ್ವಂತದ್ದೊಂದು ಗೂಡ್ಸ್ ಆಟೊ ಕೊಳ್ಳುವಷ್ಟು ಕೂಡಿಬಂದರೆ ತಿರುಗಿ ಬರುವುದೆಂದು ಮಾತಾಗಿತ್ತು. ಕೂಡಿಬರಲಿಲ್ಲ. ಅಲ್ಲಿಂದ ಬರುತ್ತಿದ್ದ ಹಣ ಹೆಚ್ಚಾದಂತೆಲ್ಲ ಇಲ್ಲಿ ಅಡುಗೆ ಎಣ್ಣೆ, ಗ್ಯಾಸು, ಅವಳ ಸಕ್ಕರೆ ಕಾಯಿಲೆಯ ಗುಳಿಗೆಗಳ ಬೆಲೆಯೂ ಏರಿ ಅದನ್ನು ನುಂಗುತ್ತಿತ್ತು. ಆಟೊದ ಬೆಲೆ ಸದಾ ಒಂದು ಹೆಜ್ಜೆ ಮುಂದೆಯೇ ಇರುತ್ತಿತ್ತು.

ಟಿವಿಯಲ್ಲಿ ರೂಪಾಯಿ ಕುಸಿದ ಸುದ್ದಿ ಬಂದಾಗಲೆಲ್ಲ ಓಣಿಯವರು ಅವಳಿಗೆ ಶುಭಾಶಯ ಹೇಳಿದಂತೆ ಹೇಳುತ್ತಿದ್ದರು: "ನಿಮಗ ಛಲೋ ಆತು ಬಿಡ್ರಿ ಖಾಲಾ. ರೂಪಾಯಿ ಬಿದ್ದೈತಿ, ಸೌದಿ ರೊಕ್ಕಕ್ಕ ರೇಟ್ ಏರೈತಿ."

"ಬಿದ್ದಿದ್ದು ನಮ್ಮ ದೇಶದ ರೊಕ್ಕ. ಮನ್ಯಾಗ ಯಾರರ ಬಿದ್ರ ಸಕ್ಕರಿ ಹಂಚ್ತೀರೇನು?" ಎನ್ನುತ್ತಿದ್ದಳು.

ಒಂದು ಚುನಾವಣೆಯ ಹೊತ್ತಿಗೆ ನಮ್ಮ ಓಣಿಯ ಕಟ್ಟೆಯ ಬಳಿ ಸಭೆ ಸೇರಿತು. ಆಳುವ ಪಕ್ಷದ ಮುಖಂಡರೊಬ್ಬರು ಮೈಕ್ ಹಿಡಿದು, "ತಾಯಂದಿರ, ನಿಮ್ಮ ಗಂಡಸರು ಹೊರದೇಶದಿಂದ ಕಳಿಸೋ ದುಡ್ಡಿಗೆ ಈಗ ಎಷ್ಟು ಬೆಲಿ ಬಂದೈತಿ ನೋಡ್ರಿ!" ಎಂದರು. ಚಪ್ಪಾಳೆಯೂ ಬಿತ್ತು. ನನ್ನ ಪಕ್ಕದಲ್ಲಿದ್ದ ಖಾಲಾ ಎಲೆಅಡಿಕೆ ಒತ್ತರಿಸಿಕೊಂಡು ಎದ್ದಳು.

"ಸಾಹೇಬ್ರ, ಇಲ್ಲಿ ದುಡಿಮಿಗೆ ಬೆಲಿ ಇದ್ರ ಅವ ಅಲ್ಲಿಗ್ಯಾಕ ಹೋಗ್ತಿದ್ದ? ರೂಪಾಯಿ ಬಿದ್ದಾಗೊಮ್ಮೆ 'ರೇಟ್ ಛಲೋ ಐತಿ, ಇನ್ನೊಂದ್ ವರ್ಷ ಇರ್ತೀನಿ' ಅಂತಾನ. ನೀವು ರೂಪಾಯಿ ಬೀಳಿಸಿದಷ್ಟೂ ನನ್ನ ಗಂಡ ದೂರ ಆಗ್ಯಾನ. ಅದಕ್ಕ ಚಪ್ಪಾಳಿ ಹೊಡೀಬೇಕೇನ್ರಿ ನಾ?"

"ಕುಂದರ್ರಿ ಅಮ್ಮಾ, ಆಮ್ಯಾಲೆ ಮಾತಾಡೂಣು."

"ಕುಂತು ಕುಂತು ಮುದುಕಿ ಆಗೇನಿ. ಈಗ ಹೇಳ್ರಿ."

ಯಾರೋ ಸ್ಪೀಕರಿನಲ್ಲಿ ಪ್ರಚಾರದ ಹಾಡು ಜೋರಾಗಿ ಹಾಕಿದರು. ಹಾಡು ಮುಗಿದು ಮುಖಂಡರ ಕಾರು ಹೋಗುವವರೆಗೂ ಅವಳು ನಿಂತೇ ಇದ್ದಳು. ಮನೆಗೆ ಬಂದು ಅಡುಗೆಮನೆಯಲ್ಲಿ ಕೂತಳು. ನೀರು ಕೊಟ್ಟೆ. ಕುಡಿದು ಹೇಳಿದಳು: "ಸಿಟ್ಟು ಇರಬೇಕು ಬೇಟಿ. ಆದ್ರ ಮನ್ಯಾಗಿನವರ ಮ್ಯಾಲೆ ತಗೀಬಾರದು. ಯಾರ ಮ್ಯಾಲೆ ತಗೀಬೇಕೋ ಅವರ ಮ್ಯಾಲೆ ತಗೀಬೇಕು."

ಕಿರಾಣಿ ತುಟ್ಟಿಯಾದಾಗಲೆಲ್ಲ ನಮ್ಮಪ್ಪ ಅವ್ವನ ಮೇಲೆ ಕೂಗಾಡುತ್ತಿದ್ದುದನ್ನು ಗೋಡೆಯಾಚೆ ಅವಳು ಎಷ್ಟು ವರ್ಷ ಕೇಳಿಸಿಕೊಂಡಿದ್ದಳೋ. ಇವತ್ತು ವಾರ್ಡ್ ಸಭೆಯಲ್ಲಿ ಎದ್ದು ನಿಂತರೆ ನನ್ನ ದನಿ ನಡುಗುವುದಿಲ್ಲ. ಮೈಕ್ ಹಿಡಿದವರು "ಎಲ್ಲಾ ಸರಿ ಐತಿ" ಎಂದಾಗ ಮೈ ಉರಿಯುತ್ತದೆ. ಆ ಉರಿ ಅವಳು ಕೊಟ್ಟದ್ದು. ಅದನ್ನು ನಂದಿಸಿಕೊಳ್ಳುವ ಮನಸ್ಸು ನನಗಿಲ್ಲ.

ಹೋದ ಬೇಸಿಗೆಯಲ್ಲಿ ಖಾಲಾ ಹೋದಳು. ಗುಳಿಗೆ ತುಟ್ಟಿಯಾಯಿತೆಂದು ದಿನ ಬಿಟ್ಟು ದಿನ ನುಂಗುತ್ತಿದ್ದಳೆಂಬುದು ನಮಗೆ ತಿಳಿದದ್ದೇ ಆಸ್ಪತ್ರೆಯಲ್ಲಿ. ಗಂಡನಿಗೆ ಕೂಡಲೇ ರಜೆ ಸಿಗಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಅವರ ತಮ್ಮ ಅಂಗಳದಲ್ಲಿ ಕೂತು ವಿಡಿಯೊ ಕಾಲ್ ಮಾಡಿದ. ಖಾಲಾನ ಗಂಡ ಪರದೆಯೊಳಗಿಂದ ನಮ್ಮನ್ನೆಲ್ಲ ನೋಡುತ್ತಿದ್ದರು. ಆಗ ಓಣಿಯ ಹಿರಿಯರೊಬ್ಬರು ಸಮಾಧಾನಕ್ಕೆಂದೇ ಅಂದರು: "ಈಗ ಬಂದ್ ಏನ್ ಮಾಡ್ತಿ? ರೇಟ್ ಛಲೋ ಐತಿ. ಇನ್ನೆರಡು ವರ್ಷ ಅಲ್ಲೇ ದುಡಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನಿನೊಳಗಿಂದ ಅವರೇ ಹೇಳಿದರು:

"ದುಡೀಬಹುದು ಕಾಕಾ. ಕಳಸೂದು ಯಾರಿಗೆ?"